ಮೊದಲು ಕಡಲೆ ನೆನೆಸಿ, ಆಮೇಲೆ ಕಟ್ಟೆ ಒಡೆಸಿ

ಪ್ರಶ್ನೆ: ನಮ್ಮದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ 1998ರಲ್ಲಿ ಕಟ್ಟಿದ ಮನೆ. ಅಡುಗೆಮನೆ ಹತ್ತಡಿ ಉದ್ದ, ಎಂಟಡಿ ಅಗಲ. ಹತ್ತಡಿ ಗೋಡೆಗೆ ಕಡಪ ಕಲ್ಲಿನ ಒಂದೇ ಕಟ್ಟೆ ಇದೆ, 32 ಇಂಚು ಎತ್ತರ. ಹಿತ್ತಲ ಕಡೆಯ ಎಂಟಡಿ ಗೋಡೆಯಲ್ಲಿ ಕಿಟಕಿ, ಅದರ ಎದುರಿಗೆ ಬಾಗಿಲು. ಎಲ್ಲ ಒಡೆಸಿ ಹೊಸದಾಗಿ ಮಾಡಿಸೋಣ ಅಂತಿದ್ದೇವೆ. ಕೆಲಸದವರು ಮೂರು ಗೋಡೆಗೂ ಯು ಆಕಾರದ ಕಟ್ಟೆ ಮಾಡೋಣ ಅನ್ನುತ್ತಾರೆ. ನಮ್ಮತ್ತೆ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ. ಮಂಡಿನೋವಿನಿಂದ ಕೆಳಗೆ ಕೂರಲು ಆಗುವುದಿಲ್ಲ, ನಿಂತರೆ ಕಟ್ಟೆ ಎತ್ತರ ಆಗುತ್ತೆ ಅಂತಾರೆ. ನನಗೆ ಅದೇ ಕಟ್ಟೆ ತಗ್ಗು, ಬೆನ್ನು ನೋಯುತ್ತೆ. ಕೆಲಸಕ್ಕೆ ಇಪ್ಪತ್ತೈದು ದಿನ ಬೇಕಂತೆ. ಅಷ್ಟು ದಿನ ಅಡುಗೆಗೆ ಏನು ಮಾಡುವುದು? ಮನೆಯಲ್ಲಿ ಎಲ್ಲರಿಗೂ ಕಡಲೆ ಇಷ್ಟ. ಸುಲಭದ ಅಡುಗೆ ಇದ್ದರೆ ಅದನ್ನೂ ಹೇಳಿ.

ಉತ್ತರ: ಇವತ್ತು ರಾತ್ರಿ ಒಂದು ಪಾವು ಕಡಲೆಕಾಳು ನೆನೆಸಿಡಿ. ನಕ್ಷೆ ನಾಳೆ ನೋಡೋಣ.

ತಮಾಷೆ ಮಾಡುತ್ತಿಲ್ಲ. ಇಪ್ಪತ್ತು ವರ್ಷದಿಂದ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಅಡುಗೆಮನೆ ಮಾಡಿಸುತ್ತಾ ಬಂದಿದ್ದೇನೆ. ಯಾರ ಮನೆಗೆ ಹೋದರೂ ಮೊದಲು ಟೇಪು ತೆಗೆಯುವುದಿಲ್ಲ. ಒಂದು ಹೊತ್ತು ನೀವು ಅಡುಗೆ ಮಾಡಿ, ನಾನು ಬಾಗಿಲಲ್ಲಿ ಕೂತು ನೋಡುತ್ತೇನೆ ಅನ್ನುತ್ತೇನೆ. ನಿಮ್ಮ ಮನೆಗೆ ನಾನು ಬರಲಾಗದು. ಹಾಗಾಗಿ ನನ್ನ ಬದಲು ನಿಮ್ಮ ಮಗನನ್ನೋ ಮಗಳನ್ನೋ ಕೂರಿಸಿ, ಕೈಗೆ ಸೀಮೆಸುಣ್ಣ ಕೊಡಿ. ನೀವು ಎಲ್ಲಿ ನಿಂತಿರೋ ಅಲ್ಲಿ ನೆಲದ ಮೇಲೆ ಒಂದು ಗೆರೆ.

ಇದಕ್ಕೆ ಕಡಲೆಯೇ ಯಾಕೆ ಅಂದರೆ, ಅದು ಅಡುಗೆಮನೆಯ ಎಲ್ಲ ಮೂಲೆಯನ್ನೂ ಮುಟ್ಟಿಸುತ್ತದೆ. ಡಬ್ಬಿಯಿಂದ ತೆಗೆಯಬೇಕು, ಮೊರದಲ್ಲಿ ಆರಿಸಬೇಕು, ತೊಳೆಯಬೇಕು, ನೆನೆಸಿದ ಪಾತ್ರೆ ರಾತ್ರಿಯಿಡೀ ಯಾರ ಕೈಗೂ ತಾಗದ ಹಾಗೆ ಇಡಬೇಕು. ಬೆಳಿಗ್ಗೆ ಬಸಿದು ಕುಕ್ಕರಿಗೆ. ಅದು ಬೇಯುವಾಗ ಈರುಳ್ಳಿ ಹೆಚ್ಚಬೇಕು, ಕಾಯಿ ತುರಿಯಬೇಕು, ಮಿಕ್ಸಿ ಹಾಕಬೇಕು. ಬಿಸಿ ಕುಕ್ಕರ್ ಇಳಿಸಲು ಜಾಗ ಬೇಕು, ಕಟ್ಟು ಬಸಿಯಲು ಸಿಂಕು ಹತ್ತಿರ ಇರಬೇಕು. ಕೊನೆಗೆ ಒಗ್ಗರಣೆ, ಅದರ ಹೊಗೆ, ಮನೆಯವರ ಕೆಮ್ಮು. ಒಂದು ಉಸಲಿ ಮುಗಿಯುವಷ್ಟರಲ್ಲಿ ನೆಲದ ತುಂಬಾ ಗೆರೆ ಬಿದ್ದಿರುತ್ತದೆ. ಎಲ್ಲಿ ಗೆರೆ ಗಿಜಿಗಿಜಿ ಅನ್ನುತ್ತದೋ ಅಲ್ಲಿ ಕಟ್ಟೆಯ ಮೇಲೆ ಖಾಲಿ ಜಾಗ ಬೇಕು. ಯಾವ ಎರಡು ಜಾಗದ ನಡುವೆ ಹತ್ತು ಸಲ ಓಡಾಡಿದಿರೋ ಅವು ಪಕ್ಕಪಕ್ಕ ಬರಬೇಕು. ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುವ ಬಣ್ಣದ ಚಿತ್ರದಲ್ಲಿ ಇದೆಲ್ಲ ಕಾಣುವುದಿಲ್ಲ. ಅಲ್ಲಿ ಕಟ್ಟೆಯ ಮೇಲೆ ಯಾವಾಗಲೂ ಒಂದು ಹೂದಾನಿ, ಎರಡು ನಿಂಬೆಹಣ್ಣು ಇರುತ್ತವೆ ಅಷ್ಟೇ.

ಈ ಪಾಠ ನಾನು ನನ್ನ ಮನೆಯಲ್ಲೇ ಕಲಿತದ್ದು. ಚಿತ್ರದುರ್ಗದಲ್ಲಿ ನಮ್ಮ ಮನೆ ಕಟ್ಟಿಸುವಾಗ ಸಿಂಕು ಒಂದು ತುದಿಗೆ, ಒಲೆ ಇನ್ನೊಂದು ತುದಿಗೆ ಇಡಿಸಿದೆ. ನೋಡಲು ಚಂದ ಇತ್ತು. ಆದರೆ ಕಾಳು ಬಸಿದ ಪಾತ್ರೆ ಹಿಡಿದು ಹೋಗುವಾಗ ದಿನಾ ನೆಲದ ಮೇಲೆ ನೀರಿನ ಸಾಲು. ನಮ್ಮಮ್ಮ ಎರಡು ಸಲ ಜಾರಿದರು. ಮೂರನೇ ವರ್ಷ ನನ್ನದೇ ಕೆಲಸವನ್ನು ನಾನೇ ಒಡೆಸಿದೆ.

ಈಗ ನಿಮ್ಮ ರೊಟ್ಟಿಯ ವಿಷಯ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನಗನ್ನಿಸಿತು. 32 ಇಂಚು ಇಬ್ಬರಿಗೂ ಆಗಿಬರಲಿಲ್ಲ ಅಂದರೆ 33 ಮಾಡಿಸಿದರೂ ಆಗಿಬರುವುದಿಲ್ಲ. ಕಟ್ಟೆಗೆ ಎರಡು ಎತ್ತರ ಬೇಕು. ಅಳೆಯುವುದು ಸುಲಭ. ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟಿದೆ ನೋಡಿ. ಹೆಚ್ಚುವುದು, ತುರಿಯುವುದು ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿದ್ದರೆ ಆರಾಮ. ರೊಟ್ಟಿ ಹಾಗಲ್ಲ. ಹಿಟ್ಟು ನಾದುವಾಗ ಮೈಭಾರ ಬಿಡಬೇಕು, ಬಡಿಯುವಾಗ ತೋಳು ಮೇಲಿಂದ ಬೀಳಬೇಕು. ಅದಕ್ಕೆ ಎಂಟರಿಂದ ಹತ್ತು ಇಂಚು ಕೆಳಗೆ ಬೇಕು. ಐದಡಿಯೊಳಗಿನ ಹೆಂಗಸಿಗೆ ಇದು ಹೆಚ್ಚುಕಮ್ಮಿ 28 ಇಂಚಿಗೆ ಬರುತ್ತದೆ. ನೀವು ಐದಡಿ ಮೂರ್ನಾಲ್ಕು ಇಂಚು ಇದ್ದರೆ ನಿಮ್ಮ ಹೆಚ್ಚುವ ಕಟ್ಟೆ 34, 35ಕ್ಕೆ ಬರುತ್ತದೆ. ನನ್ನ ಅಂಕಿ ನಂಬಬೇಡಿ. ಒಂದು ಸ್ಟೂಲಿನ ಮೇಲೆ ಹಲಗೆ ಇಟ್ಟು, ಅಡಿಗೆ ಹಳೇ ಪುಸ್ತಕ ಪೇರಿಸಿ, ಅತ್ತೆಯವರ ಕೈಲಿ ನಾಲ್ಕು ರೊಟ್ಟಿ ಬಡಿಸಿ ನೋಡಿ. ಅವರು 'ಹಾಂ, ಇದು ಸರಿ' ಅಂದ ಎತ್ತರವನ್ನು ಗೋಡೆಗೆ ಗುರುತು ಹಾಕಿ.

ಒಲೆಯೂ ಆ ತಗ್ಗಿನ ಕಟ್ಟೆಯ ಮೇಲೇ ಬರಲಿ. ಬಡಿದ ರೊಟ್ಟಿ ಕೈಯಿಂದ ನೇರ ಹಂಚಿಗೆ ಹೋಗಬೇಕಲ್ವಾ. ನಿಮಗೂ ಇದರಿಂದ ತೊಂದರೆಯಿಲ್ಲ. ಒಲೆಯೇ ಐದಿಂಚು ಎತ್ತರ ಇರುತ್ತದೆ, ಅದರ ಮೇಲೆ ಕುಕ್ಕರು. 34 ಇಂಚಿನ ಕಟ್ಟೆಯ ಮೇಲೆ ಇದೆಲ್ಲ ಕೂತರೆ ಸಾರಿನ ಪಾತ್ರೆಯೊಳಗೆ ಇಣುಕಲು ಕಾಲ್ಬೆರಳ ಮೇಲೆ ನಿಲ್ಲಬೇಕು.

ಹಾಗಾಗಿ ನಾನು ಯು ಆಕಾರ ಬೇಡ ಅನ್ನುತ್ತೇನೆ. ಎಂಟಡಿ ಅಗಲದಲ್ಲಿ ಎರಡೂ ಕಡೆ ಎರಡೆರಡು ಅಡಿ ಕಟ್ಟೆ ಹೋದರೆ ನಡುವೆ ನಾಲ್ಕಡಿ ಉಳಿಯುತ್ತದೆ. ಒಬ್ಬರಿಗೆ ಸಾಕು. ಅತ್ತೆ ರೊಟ್ಟಿ ಬಡಿಯುವಾಗ ಹಿಂದಿನಿಂದ ನೀವು ಕುಕ್ಕರ್ ಹಿಡಿದು ಹೋಗಬೇಕು ಅಂದರೆ ಇಕ್ಕಟ್ಟು. ಜೊತೆಗೆ ಎರಡು ಮೂಲೆಗಳು. ಕಟ್ಟೆಯ ಕೆಳಗಿನ ಮೂಲೆ ಅಂದರೆ ಕೈ ಹೋಗದ ಗುಹೆ. ಹೋದ ದೀಪಾವಳಿಯ ಬಾಣಲೆ ಅಲ್ಲೇ ಇರುತ್ತದೆ. ಎಲ್ ಆಕಾರ ಮಾಡಿಸಿ. ಹತ್ತಡಿ ಗೋಡೆಯಲ್ಲಿ ಬಾಗಿಲ ಕಡೆಯಿಂದ ನಾಲ್ಕೂವರೆ ಅಡಿ ತಗ್ಗಿನ ಕಟ್ಟೆ, ಅದರ ಮೇಲೆ ಒಲೆ ಮತ್ತು ರೊಟ್ಟಿ. ಆಮೇಲೆ ಎತ್ತರದ ಕಟ್ಟೆ ಶುರು: ಹೆಚ್ಚುವ ಜಾಗ, ಮಿಕ್ಸಿ. ಮೂಲೆ ತಿರುಗಿದರೆ ಕಿಟಕಿಯ ಕೆಳಗೆ ಸಿಂಕು. ನೀರಿನ ಪೈಪು ಹಿತ್ತಲಿಗೆ ನೇರ ಹೋಗುತ್ತದೆ. ಎದುರು ಗೋಡೆಗೆ ಕಟ್ಟೆಯೇ ಬೇಡ. ನೆಲದಿಂದ ಮಾಡಿನವರೆಗೆ ಒಂದಡಿ ಆಳದ ಕಪಾಟು ಸಾಕು. ಡಬ್ಬಿಗಳು ಒಂದರ ಹಿಂದೆ ಒಂದು ಅಡಗುವುದಿಲ್ಲ, ಬೇಳೆ ಎಷ್ಟಿದೆ ಅಂತ ನಿಂತಲ್ಲೇ ಕಾಣುತ್ತದೆ. ನಡುವೆ ಐದಡಿ ನೆಲ ಉಳಿಯುತ್ತದೆ. ಫ್ರಿಜ್ಜು ಬಾಗಿಲ ಪಕ್ಕ.

ಇಲ್ಲಿ ಒಂದು ಎಡವಟ್ಟು ಆಗುವ ಸಂಭವ ಇದೆ. ಕೆಲಸದವರು ಅಭ್ಯಾಸದಂತೆ ಸಿಲಿಂಡರನ್ನು ಒಲೆಯ ಕೆಳಗೇ ಇಡಲು ನೋಡುತ್ತಾರೆ. 14.2 ಕೆಜಿಯ ಸಿಲಿಂಡರ್ ಎರಡು ಅಡಿಗಿಂತ ಸ್ವಲ್ಪ ಎತ್ತರ ಇರುತ್ತದೆ. ರೆಗ್ಯುಲೇಟರ್ ಹಾಕಿ ತೆಗೆಯಲು ಕೈ ಆಡಬೇಕು. 28 ಇಂಚಿನ ಕಟ್ಟೆಯಲ್ಲಿ ಕಲ್ಲಿನ ದಪ್ಪ ಕಳೆದರೆ ಅದು ಹಿಡಿಸುವುದಿಲ್ಲ. ಪಕ್ಕದ ಎತ್ತರದ ಕಟ್ಟೆಯ ಕೆಳಗೆ ನೆಟ್ಟಗೆ ನಿಲ್ಲಿಸಿ. ಪೈಪು ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಆ ಕಪಾಟಿನ ಬಾಗಿಲಿಗೆ ತಳದಲ್ಲಿ ಗಾಳಿಗಂಡಿ ಕಡ್ಡಾಯ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಮೇಲೆ ತೂತು ಕೊರೆದು ಗಾಳಿಗಂಡಿ ಮಾಡಿದ್ದೇವೆ ಅನ್ನುವವರನ್ನು ನಾನು ನೋಡಿದ್ದೇನೆ. ಅದರಿಂದ ಏನೂ ಉಪಯೋಗವಿಲ್ಲ. ಸೋರುವ ವಾಸನೆ ಬಂದರೆ ಕರೆ ಮಾಡುವ ನಂಬರ್ 1906. ಅದನ್ನು ಬಾಗಿಲ ಒಳಗೆ ಬರೆದು ಅಂಟಿಸಿ.

ಚಿಮಣಿಯಲ್ಲೂ ಇದೇ ಥರದ ಲೆಕ್ಕ. ಒಲೆಯಿಂದ 26ರಿಂದ 30 ಇಂಚು ಮೇಲೆ ಅದನ್ನು ಹಾಕುತ್ತಾರೆ. ನಿಮ್ಮ ಒಲೆ ತಗ್ಗಿನಲ್ಲಿದೆ. ಅದೇ ಅಳತೆಗೆ ಹಾಕಿದರೆ ಅದರ ಅಂಚು ಸರಿಯಾಗಿ ನಿಮ್ಮ ಹಣೆಗೆ ಬರುತ್ತದೆ. ರೊಟ್ಟಿ ಮನೆಗೆ ನನ್ನ ಮೊದಲ ಆಯ್ಕೆ ಒಲೆಯ ಹತ್ತಿರದ ಹೊರಗೋಡೆಗೆ ಒಳ್ಳೆಯ ಎಕ್ಸಾಸ್ಟ್ ಫ್ಯಾನು. ಜೋಳದ ಹಿಟ್ಟಿನ ಧೂಳು, ಮೆಣಸಿನಕಾಯಿ ಕರಿದ ಎಣ್ಣೆ ಹೊಗೆ ಎರಡೂ ಚಿಮಣಿಯ ಜಾಲರಿಯಲ್ಲಿ ಸೇರಿ ಅಂಟಾಗುತ್ತವೆ. ವಾರ ವಾರ ಉಜ್ಜಿ ತೊಳೆಯುವ ತಾಳ್ಮೆ ಇದ್ದರೆ ಚಿಮಣಿ ಹಾಕಿಸಿ. ಹಾಕಿಸುವುದಾದರೆ ಇಳಿಜಾರಾಗಿರುವುದು, ಹೊಗೆಯನ್ನು ಪೈಪಿನಲ್ಲಿ ಹೊರಗೆ ಕಳಿಸುವುದು ಇರಲಿ.

ಕಲ್ಲಿನ ಮಾತು. ನಿಮ್ಮ ಹಳೇ ಕಟ್ಟೆಯ ಮೇಲೆ ನಿಂಬೆಹಣ್ಣು, ಹುಣಸೆ ರಸ ಬಿದ್ದಲ್ಲೆಲ್ಲ ಮಾಸಲು ಕಲೆ ಆಗಿರಬೇಕು ನೋಡಿ. ಕಡಪ ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಗ್ರಾನೈಟಿಗೆ ಆ ಭಯ ಇಲ್ಲ. ಆದರೆ ಎಲ್ಲರೂ ಕೇಳುವ ಹಾಗೆ ಅಚ್ಚ ಕಪ್ಪು ಗ್ರಾನೈಟ್ ತರಬೇಡಿ. ನಮ್ಮ ಕಡೆ ಬೋರಿನ ನೀರು ಬಹಳ ಕಡೆ ಗಡಸು. ಒಣಗಿದ ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಬೂದು, ಕಂದು ಬಣ್ಣದ ಚುಕ್ಕೆ ಚುಕ್ಕೆ ಕಲ್ಲಾದರೆ ಕಲೆ ಕಾಣುವುದಿಲ್ಲ. ಹಳೇ ಕಡಪವನ್ನು ಎಸೆಯಬೇಡಿ. ಕೊಯ್ಯಿಸಿ ಎದುರು ಗೋಡೆಯ ಕಪಾಟಿನ ಹಲಗೆಯಾಗಿ ಬಳಸಬಹುದು. ಅಲ್ಲಿ ಹುಳಿಯೂ ಇಲ್ಲ, ನೀರೂ ಇಲ್ಲ, ಗೆದ್ದಲಂತೂ ಹತ್ತುವುದೇ ಇಲ್ಲ.

ಸಿಂಕಿನ ಕೆಳಗೆ ಮರದ ಡಬ್ಬ ಬೇಡವೇ ಬೇಡ. ಒಂದು ಮನೆಗೆ ನಾನು ಹೊರಗಿನವರಿಂದ ಸಿದ್ಧ ಕಪಾಟು ತರಿಸಿ ಕೂರಿಸಿದ್ದೆ. ಪ್ಲೈವುಡ್ ಅಂತ ಹೇಳಿ ಕೊಟ್ಟದ್ದು ಮರದ ಪುಡಿ ಒತ್ತಿದ ಹಲಗೆ. ಎರಡನೇ ಮಳೆಗಾಲಕ್ಕೆ ನೀರು ಕುಡಿದು ಹಪ್ಪಳದ ಹಾಗೆ ಉಬ್ಬಿತು. ಆ ಮನೆಯವರು ಇವತ್ತಿಗೂ ನನ್ನನ್ನು ಸಂತೆಯಲ್ಲಿ ನೋಡಿದರೆ ಅದನ್ನೇ ಎತ್ತುತ್ತಾರೆ. ಆಗಿನಿಂದ ಸಿಂಕಿನ ಕೆಳಗೆ ಕಲ್ಲಿನ ಪಟ್ಟಿ, ಅಲ್ಯೂಮಿನಿಯಂ ಬಾಗಿಲು ಅಷ್ಟೇ. ಉಳಿದ ಕಡೆ ಪ್ಲೈವುಡ್ ಹಾಳೆಯ ಮೇಲಿನ ಮುದ್ರೆ ಓದಿ. ಐಎಸ್ 710 ಅಂದರೆ ನೀರು ತಡೆಯುವ ಮರೀನ್ ಪ್ಲೈ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಒಣ ಜಾಗಕ್ಕೆ ಸಾಕು. ಹಾಳೆ ಕೊಯ್ಯುವ ಮೊದಲೇ ಮುದ್ರೆಯ ಫೋಟೋ ತೆಗೆದುಕೊಳ್ಳಿ.

ಕರೆಂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1998ರ ಮನೆ ಅಂದಮೇಲೆ ಅಡುಗೆಮನೆಗೆ ಹೊಸ ವೈರ್ ಎಳೆಸಿ. 16 ಆಂಪಿಯರ್ ಸಾಕೆಟ್ ಕನಿಷ್ಠ ಮೂರು ಇರಲಿ, ಅವಕ್ಕೆ 4 ಚದರ ಮಿಲಿಮೀಟರ್ ವೈರ್. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು. ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವ ಮನೆಗೆ ಅದು ಬೇಕೇ ಬೇಕು. ಗೋಡೆ ಮುಚ್ಚುವ ಮೊದಲು ಪೈಪು, ವೈರ್ ಎಲ್ಲೆಲ್ಲಿ ಹೋಗಿದೆ ಅಂತ ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆಯಿರಿ. ಮುಂದೆ ಗಡಿಯಾರಕ್ಕೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಇಪ್ಪತ್ತೈದು ದಿನ ಅಂದರೆ ಮೂವತ್ತೈದು ಅಂದುಕೊಳ್ಳಿ. ಒಡೆಯುವುದು ಎರಡೇ ದಿನ. ಪೈಪು, ವೈರಿಗೆ ಗೋಡೆ ಕೊರೆದು ಮುಚ್ಚಲು ಐದಾರು ದಿನ. ಕಟ್ಟೆಗೆ ಕಾಂಕ್ರೀಟ್ ಹಾಕಿದರೆ ಕನಿಷ್ಠ ಏಳು ದಿನ ನೀರು ಉಣಿಸಬೇಕು. ಆ ವಾರ ಕೆಲಸದವರು ಯಾರೂ ಬರುವುದಿಲ್ಲ, ಕೆಲಸ ನಿಂತುಹೋಯಿತು ಅಂತ ಗಾಬರಿಯಾಗಬೇಡಿ. ಆಮೇಲೆ ಟೈಲ್ಸು, ಗ್ರಾನೈಟು, ಕೊನೆಗೆ ಬಡಗಿ. ಬಡಗಿಯನ್ನು ಟೈಲ್ಸಿಗಿಂತ ಮೊದಲು ಕರೆಸಿ ಅಳತೆ ತೆಗೆಸಬೇಡಿ. ಗಾರೆ, ಟೈಲ್ಸು ಸೇರಿ ಗೋಡೆ ಒಂದಿಂಚು ಮುಂದೆ ಬಂದಿರುತ್ತದೆ. ದುಗ್ಗಮ್ಮನ ಜಾತ್ರೆ ಇರುವ ವರ್ಷವಾದರೆ ಅದು ಮುಗಿದ ಮೇಲೇ ಶುರುಮಾಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ನೆಂಟರು ಬರದೇ ಇರುತ್ತಾರಾ? ಮೇಸ್ತ್ರಿಯೂ ಆ ವಾರ ಸಿಗುವುದಿಲ್ಲ.

ಇನ್ನು ಆ ದಿನಗಳ ಅಡುಗೆ. ವರಾಂಡವೋ ಹಿತ್ತಲ ನೆರಳೋ, ಗಾಳಿ ಆಡುವ ಜಾಗದಲ್ಲಿ ಒಂದು ಗಟ್ಟಿ ಮೇಜು. ಗ್ಯಾಸ್ ಆದರೆ ಒಂದೇ ಒಲೆ, ಸಿಲಿಂಡರ್ ನೆಲದ ಮೇಲೆ, ಒಲೆ ಮೇಜಿನ ಮೇಲೆ. ಮಲಗುವ ಕೋಣೆಯೊಳಗೆ ಸಿಲಿಂಡರ್ ಒಯ್ಯಬೇಡಿ. ಇಂಡಕ್ಷನ್ ಆದರೆ 2000 ವಾಟಿನದು ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ವೈರ್ ಕರಗುತ್ತದೆ. ಪಾತ್ರೆ ಹೊರಗೆ ಇಟ್ಟುಕೊಳ್ಳಬೇಕಾದದ್ದು ಐದೇ: ಕುಕ್ಕರು, ಬಾಣಲೆ, ಹಂಚು, ಒಂದು ಡಬರಿ, ಜರಡಿ. ಉಳಿದದ್ದು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ. ತಟ್ಟೆ ತೊಳೆಯುವುದು ಬಚ್ಚಲಲ್ಲಿ ಅಂದರೆ ನೀರು ಹೋಗುವ ಬಾಯಿಗೆ ಒಂದು ಜಾಲರಿ ಇಡಿ.

ಕಡಲೆ ಇಂಥ ದಿನಕ್ಕೆ ಹೇಳಿ ಮಾಡಿಸಿದ್ದು. ಒಂದೇ ಒಲೆಯಲ್ಲಿ ಒಂದು ಸಲ ಬೇಯಿಸಿದರೆ ಎರಡು ಹೊತ್ತು ನಡೆಯುತ್ತದೆ. ಆದರೆ ಎಷ್ಟು ಕೂಗಿಸಿದರೂ ಬೇಯಲಿಲ್ಲ ಅನ್ನುವ ದೂರು ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ. ಕಾರಣ ಎರಡು. ಒಂದು, ಹಳೇ ಕಾಳು. ಕಡಲೆ ಹಿಂಗಾರಿ ಬೆಳೆ, ಹೊಸದು ಫೆಬ್ರವರಿ, ಮಾರ್ಚಿಗೆ ಬರುತ್ತದೆ. ಅಂಗಡಿಯಲ್ಲಿ ಎರಡು ವರ್ಷ ಕೂತ ಕಾಳು ಕಲ್ಲಾಗಿರುತ್ತದೆ. ಇನ್ನೊಂದು, ಅದೇ ಗಡಸು ನೀರು. ನಿಮ್ಮ ಗ್ರಾನೈಟಿನ ಮೇಲೆ ಬಿಳಿ ಚುಕ್ಕೆ ಬಿಡಿಸುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನೂ ಬಿಗಿ ಮಾಡುತ್ತದೆ. ಅದಕ್ಕೆ ನೆನೆಸುವ ನೀರಿಗೇ ಉಪ್ಪು ಹಾಕಿ, ಒಂದು ಲೀಟರಿಗೆ ಒಂದು ದೊಡ್ಡ ಚಮಚ. ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಂ ಜಾಗಕ್ಕೆ ಬಂದು ಅದನ್ನು ಮೆತ್ತಗೆ ಮಾಡುತ್ತದೆ. ಎಂಟು ಗಂಟೆ ನೆನೆಯಲಿ. ಆ ನೀರು ಚೆಲ್ಲಿ, ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ. ಅಡುಗೆ ಸೋಡ ಹಾಕಲೇಬೇಕು ಅಂದರೆ ಚಿಟಿಕೆ ಅಷ್ಟೇ, ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ. ಹುಣಸೆ, ಟೊಮೆಟೊ ಬೆಂದ ಮೇಲೇ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಬೇಯಲು ಹಟ ಮಾಡುತ್ತದೆ. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ, ನೊರೆ ಎದ್ದು ವೆಯ್ಟಿನ ದಾರಿ ಕಟ್ಟುತ್ತದೆ. ಕರಿ ಕಡಲೆಗೆ ಐದಾರು ಕೂಗು, ಕಾಬೂಲಿಗೆ ನಾಲ್ಕೈದು. ಆವಿ ತಾನಾಗಿ ಇಳಿಯಲಿ.

ನೆನೆಸಲು ಮರೆತಿರಾ? ಕಾಳನ್ನು ಎರಡು ನಿಮಿಷ ಕುದಿಸಿ, ನೀರಿನ ಸಮೇತ ಹಾಟ್‌ಬಾಕ್ಸಿಗೆ ಸುರಿದು ಒಂದು ಗಂಟೆ ಮುಚ್ಚಿಡಿ. ರಾತ್ರಿ ನೆನೆಸಿದಷ್ಟು ಚೆನ್ನಾಗಿ ಆಗದು, ಕೆಲಸ ನಡೆಯುತ್ತದೆ.

ಬೆಂದ ಕಾಳಿನ ಕಟ್ಟು ಬಸಿದು ಬೇರೆ ಇಡಿ. ಅರ್ಧ ಕಾಳಿಗೆ ಎಣ್ಣೆ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ಮೇಲೆ ಕಾಯಿತುರಿ, ನಿಂಬೆರಸ. ಇದು ಬೆಳಗಿನ ಉಸಲಿ. ಉಳಿದದ್ದಕ್ಕೆ ಮಧ್ಯಾಹ್ನ ಈರುಳ್ಳಿ, ಬೆಳ್ಳುಳ್ಳಿ ಹುರಿದು, ಖಾರದಪುಡಿ, ಎರಡು ಚಮಚ ಗುರೆಳ್ಳು ಪುಡಿ ಹಾಕಿದರೆ ರೊಟ್ಟಿಗೆ ಪಲ್ಯ. ಮಿಕ್ಸಿ ಕೈಗೆ ಸಿಗುವಂತಿದ್ದರೆ ಒಂದು ಹಿಡಿ ಕಾಳು, ಹುರಿದ ಈರುಳ್ಳಿ, ಸ್ವಲ್ಪ ಕಾಯಿ, ಸಾರಿನ ಪುಡಿ ರುಬ್ಬಿ ಆ ಕಟ್ಟಿಗೆ ಕದಡಿ, ಹುಣಸೆ ಹಿಂಡಿ ಕುದಿಸಿ. ಕಟ್ಟಿನ ಸಾರು ಆಯಿತು. ಬಿಸಿ ಅನ್ನಕ್ಕೋ ಮುದ್ದೆಗೋ ಬೇರೆ ಏನೂ ಬೇಡ.

ಗೋಡೆ ಕೊರೆಯುವ ದಿನ ಮನೆ ತುಂಬಾ ಧೂಳು, ಕುಕ್ಕರ್ ಇಡುವ ಮನಸ್ಸೂ ಇರುವುದಿಲ್ಲ. ಅವತ್ತಿಗೆ ಹಿಟ್ಟಿನ ಪಲ್ಯ. ಒಂದು ಲೋಟ ಕಡ್ಲೆಹಿಟ್ಟನ್ನು ಎಣ್ಣೆ ಇಲ್ಲದೆ ಘಮ ಬರುವವರೆಗೆ ಹುರಿದು ತೆಗೆಯಿರಿ, ಗಂಟಾಗುವುದಿಲ್ಲ. ಅದೇ ಬಾಣಲೆಯಲ್ಲಿ ಒಗ್ಗರಣೆ, ಈರುಳ್ಳಿ, ಹಸಿಮೆಣಸು, ಅರಿಶಿನ, ಎರಡೂವರೆ ಲೋಟ ನೀರು, ಉಪ್ಪು. ನೀರು ಕುದಿಯುವಾಗ ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಚ್ಚಿಡಿ. ಮೇಲೆ ಕೊತ್ತಂಬರಿ. ಅತ್ತೆಯವರು ಕೆಲಸ ಶುರುವಾಗುವ ಮೊದಲೇ ಖಡಕ್ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟರೆ ಹದಿನೈದು ದಿನದ ಚಿಂತೆ ಇಲ್ಲ.

ಒಲೆಯ ಕೆಲಸ ಇನ್ನೂ ಕಮ್ಮಿ ಬೇಕು ಅಂದರೆ, ದಾವಣಗೆರೆಯವರಿಗೆ ನಾನು ಮಂಡಕ್ಕಿ ಹೇಳಿಕೊಡಬೇಕಾ? ಹುರಿಗಡಲೆ ಆಗಲೇ ಹುರಿದದ್ದು, ಬೇಯಿಸುವ ಕೆಲಸ ಇಲ್ಲ. ಮೊದಲೇ ಪುಡಿ ಮಾಡಿ ಡಬ್ಬಿಗೆ ತುಂಬಿಡಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ತಕ್ಷಣ ಹಿಂಡಿ, ಈರುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಹಾಕಿ, ಆ ಪುಡಿ ಉದುರಿಸಿ ಕಲಸಿ. ಹತ್ತು ನಿಮಿಷ. ಸಂಜೆ ನಾಲ್ಕಕ್ಕೆ ಮೇಸ್ತ್ರಿಗೂ ಹುಡುಗರಿಗೂ ಒಂದೊಂದು ತಟ್ಟೆ ಕೊಡಿ. ಅವರು ತಿನ್ನುತ್ತಾ ಕೂತಾಗ ಟೇಪು ತೆಗೆದು ತಗ್ಗಿನ ಕಟ್ಟೆ ಗೋಡೆಯ ಗುರುತಿಗೆ ಸರಿಯಾಗಿ ಬಂದಿದೆಯಾ ಅಂತ ನೀವೇ ಅಳೆದು ನೋಡಿ.